ನಲವತ್ತೆಂಟಕ್ಕೆ ಬೀಳಬೇಕಾದ ಫೀಡರ್

ನಾನು ವಿದ್ಯುತ್ ಉಪಕೇಂದ್ರದ ರಿಲೇಯೊಳಗೆ ಇಟ್ಟದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ರಟ್ಟಿನ ಚೂರು. ಅದು ನಮ್ಮ ಮನೆಯ ಮಗ್ಗದ ಜಕಾರ್ಡ್ ಪಟ್ಟಿಯಿಂದ ಹರಿದು ಬಿದ್ದದ್ದು. ಸೀರೆಯ ದಡಿಯಲ್ಲಿ ಚಿತ್ತಾರ ಮೂಡಲೆಂದು ತೂತು ಹೊಡೆದ ಗಟ್ಟಿ ರಟ್ಟು. ಸಾಲೆಗೆ ಹೋಗುವ ಕಾಲದಿಂದಲೂ ಅಂಥ ಚೂರುಗಳನ್ನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುವ ಚಟ ನನಗಿತ್ತು. ಉಪಕೇಂದ್ರದ ಲಾಗ್ ಬುಕ್ಕಿನಲ್ಲೂ ಎರಡು ಮೂರು ಇದ್ದವು. ಅದಕ್ಕೇ ಥಟ್ಟನೆ ಕೈಗೆ ಸಿಕ್ಕಿತು. ಅವು ಇರದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ ಎಂದೇನೂ ಹೇಳುವುದಿಲ್ಲ. ಬೇರೆ ಏನನ್ನಾದರೂ ಹುಡುಕುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಬೇಸಿಗೆ. ಹುನಗುಂದ ಮತ್ತು ಇಳಕಲ್ ನಡುವಿನ ಒಂದು ಉಪಕೇಂದ್ರದಲ್ಲಿ ನಾನು ಜೂನಿಯರ್ ಇಂಜಿನಿಯರ್. ಕ್ವಾರ್ಟರ್ಸ್ ಅದೇ ಆವರಣದಲ್ಲಿತ್ತು. ಕಂಟ್ರೋಲ್ ರೂಮಿನ ನಡುವಿನ ಪ್ಯಾನೆಲ್ ಮೇಲೆ ಹಳೆಯ ಫ್ರೀಕ್ವೆನ್ಸಿ ಮೀಟರ್. ಅದರಲ್ಲಿ ಸಾಲಾಗಿ ನಿಂತ ಸಣ್ಣ ತಗಡಿನ ನಾಲಿಗೆಗಳು. ಫ್ರೀಕ್ವೆನ್ಸಿ ಸೆಕೆಂಡಿಗೆ ಐವತ್ತು ಸೈಕಲ್ ಇದ್ದಾಗ ಐವತ್ತರ ನಾಲಿಗೆ ಅದುರುತ್ತದೆ, ಕೆಳಗಿಳಿದರೆ ಅದರ ಎಡಗಡೆಯದು, ಆಮೇಲೆ ಅದರ ಎಡಗಡೆಯದು. ಆ ಬೇಸಿಗೆಯಲ್ಲಿ ಐವತ್ತರ ನಾಲಿಗೆ ಅದುರಿದ್ದನ್ನು ನಾನು ನೋಡಿದ್ದು ರವಿವಾರಗಳಲ್ಲಿ ಮಾತ್ರ.

ಅಲ್ಲಿಯ ಹಿರಿಯ ಆಪರೇಟರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಬೀರಪ್ಪನ ಒಕ್ಕಲು, ಮನೆಯಲ್ಲಿ ಆಗಲೂ ಕುರಿ ಇದ್ದವು. ಬೇಸಿಗೆಯಲ್ಲೂ ಕುರ್ಚಿಯ ಮೇಲೆ ಕರಿ ಕಂಬಳಿ ಹಾಸಿಕೊಂಡೇ ಕೂಡುತ್ತಿದ್ದರು. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ನಾನು ಹೊಸದಾಗಿ ಬಂದಾಗ ನನ್ನ ಪುಸ್ತಕದ ಲೆಕ್ಕವನ್ನೆಲ್ಲ ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. "ಗಾಡಿ ಭಾರ ಆದ್ರ ಎತ್ತು ನಿಧಾನ ಆಗತಾವ್ರಿ. ಅಷ್ಟ. ಎತ್ತು ಬೀಳೂದ್ರಾಗ ಒಂದೆರಡು ಚೀಲ ಇಳಸಬೇಕು."

ಚೀಲ ಇಳಿಸುವ ಕೆಲಸ ಅಂಡರ್ ಫ್ರೀಕ್ವೆನ್ಸಿ ರಿಲೇಯದು. ಎಲ್ಲೆಲ್ಲೋ ಇರುವ ಉತ್ಪಾದನಾ ಯಂತ್ರಗಳು ಜನ ಎಳೆಯುವಷ್ಟು ವಿದ್ಯುತ್ ಕೊಡಲಾರದೆ ನಿಧಾನವಾದಾಗ ಫ್ರೀಕ್ವೆನ್ಸಿ ಇಳಿಯುತ್ತದೆ. ನಲವತ್ತೆಂಟಕ್ಕೆ ಬಂದ ಕೂಡಲೇ ಈ ರಿಲೇ ಯಾರನ್ನೂ ಕೇಳದೆ ಇಳಕಲ್ಲಿಗೆ ಕರೆಂಟು ಒಯ್ಯುವ ಲೈನಿನ, ಅಂದರೆ ಇಳಕಲ್ ಫೀಡರಿನ, ದೊಡ್ಡ ಸ್ವಿಚ್ಚಾದ ಬ್ರೇಕರನ್ನು ಬೀಳಿಸಬೇಕು. ಹೀಗೆ ಊರೂರಿನ ಉಪಕೇಂದ್ರಗಳಲ್ಲಿ ಒಂದೊಂದು ಫೀಡರ್ ಬಿದ್ದರೆ ಯಂತ್ರಗಳು ಉಸಿರಾಡಿಕೊಳ್ಳುತ್ತವೆ. ಬೀಳದಿದ್ದರೆ ಫ್ರೀಕ್ವೆನ್ಸಿ ಇನ್ನೂ ಜಾರಿ, ಟರ್ಬೈನಿನ ರೆಕ್ಕೆಗಳಿಗೆ ಅಪಾಯವೆಂದು ಯಂತ್ರಗಳು ತಾವೇ ಕಳಚಿಕೊಳ್ಳುತ್ತವೆ. ಆಗ ಎಲ್ಲರಿಗೂ ಕತ್ತಲೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ.

ತೊಂದರೆ ಏನೆಂದರೆ, ಇಳಕಲ್ ಫೀಡರಿನ ಕೊನೆಗೆ ನಮ್ಮ ಓಣಿ ಇತ್ತು.

ಅಣ್ಣ ಮನೆಯಲ್ಲಿ ನಾಲ್ಕು ಪವರ್‌ಲೂಮ್ ನಡೆಸುತ್ತಿದ್ದ. ಆ ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನಮ್ಮ ಫೀಡರ್ ಬೀಳದ ದಿನ ಕಡಿಮೆ. ಒಂದು ರವಿವಾರ ಊಟಕ್ಕೆ ಹೋದಾಗ ಅಣ್ಣ ಒಂದು ಸೀರೆ ತಂದು ನನ್ನ ತೊಡೆಯ ಮೇಲೆ ಹಾಕಿದ.

"ಬೆರಳಾಡ್ಸಿ ನೋಡು."

ನೋಡಿದೆ. ಮೈ ನುಣುಪಾಗಿ ಬಂದು ಒಂದು ಕಡೆ ಅಡ್ಡಕ್ಕೆ ಗೆರೆ ಎದ್ದಿತ್ತು. ಸ್ವಲ್ಪ ಮುಂದೆ ಇನ್ನೊಂದು.

"ಕರೆಂಟ್ ಹೋದ್ರ ಲಾಳಿ ಅರ್ಧದಾಗ ನಿಂದ್ರತೈತಿ. ಮತ್ತ ಚಾಲೂ ಮಾಡಿದಲ್ಲಿ ಹೊಕ್ಕು ದಟ್ಟ ಆಗಿ ಗೆರಿ ಬೀಳತೈತಿ. ಇನ್ನೊಂದು ಇಂಥಾದ್ದು ಬಂದ್ರ ನೂಲು ಬ್ಯಾರೆಯವ್ರಿಗೆ ಕೊಡ್ತೇನಿ ಅಂತ ಸಾವಕಾರ ಹೇಳ್ಯಾನ."

"ಅಣ್ಣ, ಅದು ನನ್ನ ಕೈಯಾಗ ಇಲ್ಲ. ಸೈಕಲ್ ನಲವತ್ತೆಂಟಕ್ಕ ಬಂತಂದ್ರ ರಿಲೇ ತಾನಾಗೇ ಬೀಳಸತೈತಿ."

"ಮತ್ತ ನಿನ್ನ ಯಾಕ ಕಲ್ಸಿದ್ವಿ ನಾವು?" ಎಂದ ಅಣ್ಣ. ಜೋರು ಮಾಡಿ ಹೇಳಲಿಲ್ಲ. ಹೇಳಿದ್ದರೆ ನಾನೂ ಜಗಳಾಡಿ ಎದ್ದು ಬರುತ್ತಿದ್ದೆ.

ವೈನಿ ರೊಟ್ಟಿ ಬಡಿಯುತ್ತಲೇ ಒಂದು ಮಾತು ಅಂದಳು. "ಒಮ್ಮಿಂದೊಮ್ಮೆಲೆ ಹೋಗೂದಿಲ್ಲ ಬಿಡ್ರಿ. ಮೊದ್ಲ ಮಗ್ಗ ಎಳೀತಾವ. ಸಪ್ಪಳ ಜಡ ಆಗತೈತಿ. ಆಮ್ಯಾಲ ಹೋಗತೈತಿ." ಇಂಜಿನಿಯರ್ ಆದ ಮೈದುನ ಆ ಮಾತಿಗೆ ಕಿವಿ ಕೊಡಲಿಲ್ಲ. ಸಾರು ಹಾಕಿಸಿಕೊಂಡು ಉಂಡ.

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ನಾನು ಪ್ಯಾನೆಲ್ ಒರೆಸುವ ನೆಪದಲ್ಲಿ ಕಂಟ್ರೋಲ್ ರೂಮಿಗೆ ಹೋದೆ. ರಿಲೇಯ ಗಾಜಿನ ಮುಚ್ಚಳದ ಸೀಲು ಕಿತ್ತು ಎಷ್ಟೋ ದಿನವಾಗಿತ್ತು, ಯಾರೂ ಮತ್ತೆ ಹಾಕಿರಲಿಲ್ಲ. ಒಳಗೆ ಒಂದಕ್ಕೊಂದು ತಾಗಿದಾಗ ಬ್ರೇಕರಿಗೆ ಆಜ್ಞೆ ಹೋಗುವ ಎರಡು ಬೆಳ್ಳಿ ಗುಂಡಿಗಳಿವೆ. ಆ ಎರಡರ ನಡುವೆ ರಟ್ಟಿನ ಚೂರು ಸರಿಸಿ ಮುಚ್ಚಳ ಹಾಕಿದೆ. ಇನ್ನು ರಿಲೇ ಎಷ್ಟು ಕೂಗಿಕೊಂಡರೂ ಬ್ರೇಕರಿಗೆ ಕೇಳಿಸುವುದಿಲ್ಲ. ಒಂಬತ್ತೂವರೆಗೆ ಲೋಡು ಇಳಿದ ಮೇಲೆ ತೆಗೆದು ಲಾಗ್ ಬುಕ್ಕಿನಲ್ಲಿ ಇಟ್ಟೆ.

ಹೀಗೆ ಇಪ್ಪತ್ತು ದಿನ ನಡೆಯಿತು. ಮೂರನೆಯ ದಿನಕ್ಕೆ ಎದೆ ಹೊಡೆದುಕೊಳ್ಳುವುದು ನಿಂತಿತು. ಐದನೆಯ ದಿನಕ್ಕೆ ಅದು ದಿನಚರಿಯ ಒಂದು ಭಾಗವಾಯಿತು. ನಮ್ಮ ಒಂದು ಫೀಡರಿನಿಂದ ಇಡೀ ಜಾಲ ಏನು ಮುಳುಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಣ್ಣ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಕಾ ಮಾತ್ರ ಒಮ್ಮೆ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಇಳಕಲ್ ಫೀಡರ್ ಇತ್ತಿತ್ಲಾಗ ಭಾಳ ಗಟ್ಟಿ ಆಗೇತಲ್ರಿ ಸಾಹೇಬ್ರ" ಎಂದರು. ನಾನು ಮೀಟರ್ ನೋಡುತ್ತಿದ್ದಂತೆ ನಟಿಸಿದೆ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಚೂರು ಇನ್ನೂ ಒಳಗಿರುವಾಗಲೇ, ಲೈನಿನ ಮೇಲೆ ಇನ್ಸುಲೇಟರ್ ಒಡೆದಿದೆ ಎಂದು ಕರೆ ಬಂತು. ಜೀಪು ಹತ್ತಿದೆ. ಬಿಸಿಲಲ್ಲಿ ಕಂಬದ ಕೆಳಗೆ ನಿಂತು, ಬಂದ ಇನ್ಸುಲೇಟರ್ ಬೇರೆ ಅಳತೆಯದಾಗಿ, ಅದನ್ನು ತಿರುಗಿ ಕಳಿಸಿ, ಮತ್ತೊಂದು ತರಿಸಿ, ಎಲ್ಲ ಮುಗಿಸಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಜಳಕ ಮಾಡಿ ಬಿದ್ದುಕೊಂಡೆ. ಮಾರನೆಯ ದಿನ ಬಾಗಲಕೋಟೆಯಲ್ಲಿ ಮೀಟಿಂಗ್. ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆ.

ಅಮೀನಗಡ ದಾಟಿದ ಮೇಲೆ ನೆನಪಾಯಿತು. ಮೀಟಿಂಗಿಗೆ ಬೇಕಾದ ಅಂಕಿಗಳನ್ನು ಓದಲೆಂದು ಡೈರಿ ತೆರೆದೆ. ಗುರುತಿಗೆ ಇಟ್ಟ ರಟ್ಟಿನ ಚೂರು ಕೈಗೆ ಬಂತು. ಅದೇ ಪಟ್ಟಿಯ ಇನ್ನೊಂದು ತುಂಡು. ಕಿಟಕಿಯ ಪಕ್ಕದ ಸೀಟು, ಪಕ್ಕದಲ್ಲಿ ಸಣ್ಣ ಬಾಯಿಯ ಗಡಿಗೆ ಮಡಿಲಲ್ಲಿಟ್ಟುಕೊಂಡ ಒಬ್ಬ ಅಜ್ಜಿ, ನಡುವಿನ ದಾರಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಗಡಿಯಾರ ಏಳೂಕಾಲು ತೋರಿಸುತ್ತಿತ್ತು. ಏನು ಮಾಡಲಿ? ಬಸ್ಸು ನಿಲ್ಲಿಸಿ ಎಂದು ಕೂಗಿದರೂ ಬಯಲಿನಲ್ಲಿ ಇಳಿದು ಮಾಡುವುದೇನು? ಕಮತಗಿ ಬರುವ ತನಕ ಹಲ್ಲು ಕಚ್ಚಿ ಕೂತೆ. ಆ ದಾರಿ ಅಷ್ಟು ಉದ್ದವಿದೆಯೆಂದು ಅದರ ಮೊದಲೂ ಅನಿಸಿರಲಿಲ್ಲ, ಆಮೇಲೂ ಅನಿಸಿಲ್ಲ.

ಕಮತಗಿಯಲ್ಲಿ ಇಳಿದವನೇ ಎಸ್‌ಟಿಡಿ ಬೂತ್ ಹುಡುಕಿದೆ. ಮೊದಲನೆಯದಕ್ಕೆ ಬೀಗ. ಎರಡನೆಯದರ ಮಾಲೀಕ ಊದಿನಕಡ್ಡಿ ಹಚ್ಚುತ್ತಿದ್ದ. "ಪೂಜಿ ಮುಗೀಲಿ ತಡೀರಿ" ಎಂದ. ನಾನು ಅವನ ಮೇಲೆ ರೇಗಿದೆ, ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಇನ್ನೂ ನಿಧಾನವಾಗಿ ಆರತಿ ಬೆಳಗಿದ. ಬೂತಿನ ಹಿಂದಿನ ಓಣಿಯಲ್ಲಿ ಪವರ್‌ಲೂಮ್ ನಡೆಯುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸಪ್ಪಳ, ಕಿವಿ ಅದನ್ನು ಗಮನಿಸುವುದೇ ಇಲ್ಲ. ಆದರೆ ಡಯಲ್ ಮಾಡುತ್ತಿದ್ದಾಗ ಗಮನಿಸಿದೆ. ಸಪ್ಪಳ ಜಡವಾಗಿತ್ತು. ಮೋಟರಿನ ವೇಗ ಫ್ರೀಕ್ವೆನ್ಸಿಯ ಹಿಂದೆಯೇ ಹೋಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗ್ಗಗಳು ಎಳೆಯುತ್ತಿದ್ದವು.

ಕಾಕಾ ಫೋನೆತ್ತಿದರು. ನಾನು ಬಾಯಿ ತೆರೆಯುವ ಮೊದಲೇ, "ಸಾಹೇಬ್ರ, ಸೈಕಲ್ ನಲವತ್ತೇಳು ಪಾಯಿಂಟ್ ಎಂಟಕ್ಕ ಬಂದಾವ. ಇಳಕಲ್ ಬಿದ್ದಿಲ್ರಿ. ಕೈಲೆ ತಗೀಬೇಕು ಅಂತ ಸ್ವಿಚ್ಚಿಗೆ ಕೈ ಹಾಕಿದ್ನಿ, ಫೋನ್ ಬಡೀತು" ಎಂದರು.

ಆಗ ನಾನು ಹೇಳಬೇಕಿದ್ದದ್ದು ಎರಡೇ ಶಬ್ದ. ಕೈಲೆ ತಗೀರಿ. ಅದನ್ನು ಹೇಳಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಫೀಡರ್ ಅಲ್ಲ, ರಟ್ಟಿನ ಚೂರು. ಅದು ಯಾರ ಕಣ್ಣಿಗೂ ಬೀಳಬಾರದು ಎಂಬುದು.

"ಕಾಕಾ, ಆ ರಿಲೇದ ಗಾಜು ಬಿಚ್ರಿ. ಒಳಗೊಂದು ರಟ್ಟಿನ ಚೂರು ಐತಿ, ಅದನ್ನ..."

ಹಿಂದಿನ ಓಣಿಯ ಸಪ್ಪಳ ಏದುಸಿರು ಬಿಟ್ಟು ನಿಂತಿತು. ಬೂತಿನ ಬಲ್ಬು ಆರಿತು. ಬಿಲ್ಲಿನ ಯಂತ್ರದ ಕೆಂಪು ಅಂಕಿಗಳು ಆರಿದವು. ಫೋನಿನ ಆ ಕಡೆ ಉಪಕೇಂದ್ರದ ಗಂಟೆಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುವುದು ಕೇಳಿಸಿತು.

"ಎಲ್ಲಾ ಹೋತ್ರಿ" ಎಂದರು ಕಾಕಾ. ಗಂಟೆಗಳನ್ನು ನಿಲ್ಲಿಸಿ ಬಂದು, "ರಟ್ಟಿನ ಚೂರು ಅಂದ್ರಿ?"

"ಹೂಂ. ತಗೀರಿ."

ರಿಸೀವರ್ ಮೇಜಿನ ಮೇಲೆ ಇಟ್ಟ ಸದ್ದು, ಸ್ಕ್ರೂಡ್ರೈವರ್ ಸದ್ದು, ಮತ್ತೆ ರಿಸೀವರ್ ಎತ್ತಿದ ಸದ್ದು. "ತಗದ್ನಿ" ಎಂದರು. ಮತ್ತೇನೂ ಕೇಳದೆ ಫೋನಿಟ್ಟರು.

ನಾನು ಸಿಕ್ಕ ಲಾರಿ ಹತ್ತಿ ತಿರುಗಿ ಬಂದೆ. ಆ ದಿನ ಸಂಜೆಯ ತನಕ ಕಂಟ್ರೋಲ್ ರೂಮಿನಿಂದ ನಾವಿಬ್ಬರೂ ಹೊರಗೆ ಬರಲಿಲ್ಲ. ಸತ್ತ ಜಾಲವನ್ನು ಎಬ್ಬಿಸುವುದು ಬೀಳಿಸಿದಷ್ಟು ಸುಲಭವಲ್ಲ. ಮೇಲಿನ ಕಚೇರಿಯಿಂದ, ವಿದ್ಯುತ್ ತಂತಿಯ ಮೇಲೇ ಮಾತು ಬರುವ ಕ್ಯಾರಿಯರ್ ಫೋನಿನಲ್ಲಿ, ಆಜ್ಞೆ ಬಂದಷ್ಟೇ ಲೋಡು ಕೊಡಬೇಕು. ಒಂದು ಸಲ ಹೆಚ್ಚು ಕೊಟ್ಟು ಫ್ರೀಕ್ವೆನ್ಸಿ ಕುಸಿಯಿತು, ಹಾಕಿದ್ದನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ಇನ್ನೊಂದು ಸಲ ಲೋಡು ಸಾಲದೆ ಐವತ್ತೊಂದರ ನಾಲಿಗೆ ಅದುರತೊಡಗಿತು. ಕಾಕಾ ಸ್ವಿಚ್ಚಿನ ಮುಂದೆ, ನಾನು ಮೀಟರಿನ ಮುಂದೆ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವತ್ತು ಬಾದಾಮಿ, ಬನಶಂಕರಿ, ಹುನಗುಂದ, ನಮ್ಮೂರು, ಎಲ್ಲ ಕಡೆ ನಳಕ್ಕೆ ನೀರು ಬರಲಿಲ್ಲ ಎಂದು ಆಮೇಲೆ ಕೇಳಿದೆ. ನಮ್ಮ ಒಂದು ಫೀಡರಿನಿಂದಲೇ ಹೀಗಾಯಿತು ಎನ್ನಲಾರೆ. ಎಲ್ಲೋ ಒಂದು ದೊಡ್ಡ ಯಂತ್ರ ಮೊದಲು ಕೈಕೊಟ್ಟಿತ್ತು. ಆದರೆ ಬೀಳಬೇಕಾದ ಫೀಡರುಗಳಲ್ಲಿ ಎಷ್ಟೋ ಬಿದ್ದಿರಲಿಲ್ಲ, ಮತ್ತು ಆ ಪಟ್ಟಿಯಲ್ಲಿ ನಮ್ಮದಿತ್ತು.

ಮೂರನೆಯ ದಿನ ತನಿಖೆ ಎಂದು ಪತ್ರ ಬಂತು. ತನಿಖೆಯ ಹಿಂದಿನ ಸಂಜೆ ಕಾಕಾ ಟ್ರಾನ್ಸ್‌ಫಾರ್ಮರ್ ಹಿಂದೆ ನಿಂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಹೋಗಿ ನಿಂತೆ.

"ಕಾಕಾ, ನಾಳೆ ಏನ್ ಹೇಳೂದು?"

"ನೀವೇನ್ ಹೇಳಬ್ಯಾಡ್ರಿ. ನೀವು ಬಸ್ನ್ಯಾಗ ಇದ್ರಿ. ಪಾಳಿ ನಂದು."

"ನೀವು ಮಾಡಿದ್ದಲ್ಲ ಅದು."

"ಏಳು ತಿಂಗಳಿಗೆ ಹೋಗಾವ ನಾ. ನಿಮಗ ಇನ್ನ ಮೂವತ್ತು ವರ್ಷ ಐತಿ. ಸುಮ್ಕ ಇರ್ರಿ." ಎಲೆ ಬಾಯಿಗಿಟ್ಟು ನನ್ನ ಕಡೆ ನೋಡದೆ ಹೊರಟುಹೋದರು.

ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ. ರಿಲೇ ಈಗ ಸರಿಯಾಗಿದೆ, ಪರೀಕ್ಷೆ ಮಾಡಿದರೆ ಸರಿ ಕೆಲಸ ಮಾಡುತ್ತದೆ, ತನಿಖೆಗೆ ಬಂದವರು ಬರೆದುಕೊಂಡು ಹೋಗುತ್ತಾರೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಲು ಮರುದಿನ ಹನ್ನೊಂದು ಗಂಟೆಯಾಗಬೇಕಾಯಿತು.

ತನಿಖೆಗೆ ಬಂದವರು ಮೈಸೂರು ಕಡೆಯ ಒಬ್ಬ ಎಕ್ಸಿಕ್ಯುಟಿವ್ ಇಂಜಿನಿಯರ್. ಸಣ್ಣ ದನಿ, ಸ್ವಚ್ಛ ಮಾತು. ಪರೀಕ್ಷೆಯ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಡಿಸಿ, ಫೀಡರಿನ ಲೋಡು ಬೇರೆ ಕಡೆ ತಿರುಗಿಸಿ, ರಿಲೇಗೆ ಹೊರಗಿನಿಂದ ವೋಲ್ಟೇಜು ಕೊಡಲು ಹೇಳಿದರು. ನಾಬ್ ತಿರುಗಿಸುವ ಕೆಲಸ ನನ್ನದು. ಐವತ್ತರಿಂದ ಶುರು ಮಾಡಿ ಒಂದೊಂದೇ ದಶಾಂಶ ಇಳಿಸುತ್ತ ಬಂದೆ. ನಲವತ್ತೆಂಟಕ್ಕೆ ಸರಿಯಾಗಿ ಒಳಗೆ ಟಿಕ್ ಎಂದಿತು. ಗಾಜಿನ ಕಿಂಡಿಯಲ್ಲಿ ಕೆಂಪು ಫ್ಲ್ಯಾಗ್ ಬಿತ್ತು. ಹೊರಗೆ ಯಾರ್ಡಿನಲ್ಲಿ ಬ್ರೇಕರ್ ಢಬ್ ಎಂದು ಬಿತ್ತು. ಮೂರು ಸಲ ಮಾಡಿಸಿದರು. ಮೂರು ಸಲವೂ ಹಾಗೆಯೇ.

"ರಿಲೇ ಸರಿಯಾಗಿದೆ" ಎಂದು ಬರೆದುಕೊಂಡು ಅವರು ಕಾಕಾನ ಕಡೆ ತಿರುಗಿದರು. "ಹಾಗಿದ್ದ ಮೇಲೆ ಅವತ್ತು ಯಾಕೆ ಟ್ರಿಪ್ ಆಗಲಿಲ್ಲ?"

"ಗೊತ್ತಿಲ್ರಿ ಸಾಹೇಬ್ರ."

"ಟ್ರಿಪ್ ಲಿಂಕ್ ಬಿಚ್ಚಿಟ್ಟಿದ್ದಿರಿ. ಆಮೇಲೆ ಹಾಕಿದ್ದೀರಿ. ಬೇರೆ ದಾರಿಯೇ ಇಲ್ಲ." ಪ್ಯಾನೆಲಿನ ಕೆಳಗೆ, ಆಪರೇಟರ್ ಕೈಗೆ ಎಟುಕುವಲ್ಲಿ, ಬೆರಳಗಲದ ಒಂದು ಪಟ್ಟಿ ಇರುತ್ತದೆ. ಅದನ್ನು ಬಿಚ್ಚಿದರೂ ರಿಲೇಯ ಆಜ್ಞೆ ಬ್ರೇಕರಿಗೆ ಮುಟ್ಟುವುದಿಲ್ಲ. "ಕೈಯಿಂದಲೂ ತೆಗೆಯಲಿಲ್ಲ. ಅದಕ್ಕೇನು ಹೇಳುತ್ತೀರಿ?"

ಕಾಕಾ ನೆಲ ನೋಡುತ್ತ ನಿಂತರು. ಫೋನ್ ಬಡಿಯಿತು ಎಂದು ಹೇಳಬಹುದಿತ್ತು. ಹೇಳಿದರೆ ಯಾರ ಫೋನು ಎಂದು ಕೇಳುತ್ತಾರೆ. ಹೇಳಲಿಲ್ಲ.

ಆಗ ನನಗೆ ತಿಳಿಯಿತು. ಚೂರನ್ನು ತೆಗೆಸಿ ನಾನು ಬಚಾವಾಗಿರಲಿಲ್ಲ, ಕಾಕಾನನ್ನು ಸಿಕ್ಕಿಸಿದ್ದೆ. ರಿಲೇ ಕೆಟ್ಟಿದ್ದರೆ ರಿಲೇಯ ತಪ್ಪು. ರಿಲೇ ಚೆನ್ನಾಗಿದ್ದರೆ ಪಾಳಿಯಲ್ಲಿದ್ದ ಮನುಷ್ಯನ ತಪ್ಪು. ಕೆಲಸದಿಂದ ತೆಗೆಯುತ್ತಾರೆ, ಮೂವತ್ತೆರಡು ವರ್ಷದ ನೌಕರಿಯ ಪಿಂಚಣಿ ಹೋಗುತ್ತದೆ, ಹೆಸರೂ ಹೋಗುತ್ತದೆ. ಇದೆಲ್ಲ ಟ್ರಾನ್ಸ್‌ಫಾರ್ಮರ್ ಹಿಂದೆ ನಿಂತಾಗಲೇ ಕಾಕಾಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

"ಇವರ ಹೇಳಿಕೆ ಬರೆದುಕೊಳ್ಳಿ" ಎಂದರು ತನಿಖಾಧಿಕಾರಿ ನನಗೆ. "ಅವರಿಗೆ ಬರೆಯುವುದು ನಿಧಾನ ಅಂತ ಕಾಣುತ್ತೆ. ನೀವು ಬರೆಯಿರಿ, ಅವರು ಸಹಿ ಮಾಡಲಿ."

ಕಾಗದ ಕೊಟ್ಟರು. 'ಈ ಕೆಳಗೆ ಸಹಿ ಮಾಡಿದ ನಾನು' ಎಂದು ಬರೆದೆ. ಮುಂದೆ ಕಾಕಾನ ಹೆಸರು ಬರಬೇಕು. ಪೆನ್ನು ಅಲ್ಲೇ ನಿಂತಿತು. ಫ್ಯಾನ್ ತಿರುಗುತ್ತಿತ್ತು. ಬಾಗಿಲ ಹತ್ತಿರ ತನಿಖಾಧಿಕಾರಿಯ ಡ್ರೈವರ್ ನಿಂತಿದ್ದ. ಕಾಕಾ ನನ್ನ ಹೆಗಲ ಹಿಂದೆ ನಿಂತು ಮೆಲ್ಲಗೆ, "ಬರೀರಿ ಸಾಹೇಬ್ರ, ಹೊತ್ತಾಗತೈತಿ" ಎಂದರು. ಆ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಬಹುಶಃ ಬರೆದುಬಿಡುತ್ತಿದ್ದೆನೇನೋ. ಇರಲಿಲ್ಲ.

ನಾನು ನನ್ನ ಹೆಸರು ಬರೆದೆ. ಕೆಳಗೆ ಇಪ್ಪತ್ತೊಂದು ದಿನಗಳ ಸಂಗತಿಯನ್ನು ಏಳೆಂಟು ಸಾಲಿನಲ್ಲಿ ಬರೆದು ಕೊಟ್ಟೆ.

ತನಿಖಾಧಿಕಾರಿ ಓದಿ ಕನ್ನಡಕ ತೆಗೆದರು. ನಂಬಲಿಲ್ಲ. "ಹಿರಿಯರನ್ನು ಉಳಿಸೋದಕ್ಕೆ ಇದೆಲ್ಲ ಮಾಡಬೇಡಿ. ರಟ್ಟಿನ ಚೂರಂತೆ! ಎಲ್ಲಿದೆ ಅದು?"

ನಾನು ಕಾಕಾನನ್ನು ನೋಡಿದೆ. "ನನಗೇನ್ ಗೊತ್ತಿಲ್ರಿ" ಎಂದರು ಕಾಕಾ. "ಸಣ್ಣವ್ರದಾರ, ಹೆದರಿ ಏನೇನೋ ಬರದಾರ."

ಖರೆ ಹೇಳಿದರೂ ಬಿಡುಗಡೆ ಇಲ್ಲ ಎಂದರೆ ಹೇಗಿರಬೇಡ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಆಗೊಂದು ಸಲ. ಎದ್ದು ಬ್ಯಾಗಿನಿಂದ ಡೈರಿ ತೆಗೆದೆ. ಅದರಲ್ಲಿದ್ದ ರಟ್ಟಿನ ತುಂಡನ್ನು ಬ್ಲೇಡಿನಿಂದ ಹೆಬ್ಬೆರಳಿನ ಅಳತೆಗೆ ಕತ್ತರಿಸಿದೆ. ರಿಲೇಯ ಮುಚ್ಚಳ ಬಿಚ್ಚಿ, ನೋಡುವ ಅಗತ್ಯವೂ ಇಲ್ಲದೆ ಅದನ್ನು ಎರಡು ಗುಂಡಿಗಳ ನಡುವೆ ಸರಿಸಿದೆ. ಕೈಗೆ ಆ ಜಾಗ ಅಷ್ಟು ರೂಢಿಯಾಗಿತ್ತು. ಅದನ್ನು ತನಿಖಾಧಿಕಾರಿ ನೋಡುತ್ತಿದ್ದರು.

"ಈಗ ಮತ್ತೊಮ್ಮೆ ಪರೀಕ್ಷೆ ಮಾಡಬೇಕು ಸರ್" ಎಂದೆ.

ನಾಬ್ ತಿರುಗಿಸಿದೆ. ನಲವತ್ತೆಂಟಕ್ಕೆ ಒಳಗೆ ಟಿಕ್ ಎಂದಿತು. ಫ್ಲ್ಯಾಗ್ ಬೀಳಲಿಲ್ಲ. ಯಾರ್ಡಿನಿಂದ ಸದ್ದಿಲ್ಲ. ನಲವತ್ತೇಳೂವರೆ. ನಲವತ್ತೇಳು. ಬ್ರೇಕರ್ ಹಾಗೆಯೇ ನಿಂತಿತ್ತು. ತನಿಖಾಧಿಕಾರಿ ಬಂದು ಬಾಗಿ ನೋಡಿ, ಚೂರನ್ನು ತಾವೇ ಎಳೆದು ತೆಗೆದರು. ಬೆಳಕಿಗೆ ಹಿಡಿದು ಅದರ ತೂತುಗಳನ್ನು ನೋಡಿದರು.

"ಏನಿದು?"

"ಸೀರೆಯ ದಡಿ ಸರ್. ನಮ್ಮ ಮನೆಯದು."

ಅವರು ಅದನ್ನು ನನ್ನ ಹೇಳಿಕೆಯ ಮೂಲೆಗೆ ಪಿನ್ನಿನಿಂದ ಚುಚ್ಚಿದರು.

ನನ್ನನ್ನು ಅಮಾನತು ಮಾಡಿದರು. ಕಾಕಾಗೆ, ಕಂಡದ್ದನ್ನು ಕೂಡಲೇ ತಿಳಿಸಲಿಲ್ಲವೆಂದು ಎಚ್ಚರಿಕೆಯ ಪತ್ರ ಮಾತ್ರ. ಚಾರ್ಜು ಒಪ್ಪಿಸಿ ಬೀಗದ ಕೈ ಗೊಂಚಲು ಕೊಡುವಾಗ ಕೇಳಿದೆ. "ಆ ಚೂರು ಎಲ್ಲಿಟ್ರಿ ಕಾಕಾ?"

"ಅವತ್ತ ಒಲಿಗೆ ಹಾಕಿದ್ನಿ. ಚಾ ಕಾಸೂ ಮುಂದ." ನನ್ನ ಮೇಲೆ ಸಿಟ್ಟಾಗಿದ್ದರು. ಕೊಟ್ಟದ್ದನ್ನು ನಾನು ತಿರುಗಿ ಕೊಟ್ಟೆನೆಂದು ಇರಬೇಕು. "ಶಾಣ್ಯಾ ಮನಶಾ ಆಗಿದ್ರ ಸುಮ್ಕ ಇರ್ತಿದ್ರಿ" ಎಂದು ಗೊಂಚಲು ಕಿತ್ತುಕೊಂಡರು.

ಅಣ್ಣನ ಮನೆಗೆ ಬಂದು ಬಿದ್ದೆ. ಇಳಕಲ್ ಫೀಡರ್ ಮತ್ತೆ ದಿನವೂ ಬೀಳತೊಡಗಿತು. ಅಣ್ಣ ಮಾತು ಬಿಟ್ಟ. ನಾನು ಚೂರು ಇಟ್ಟದ್ದಕ್ಕೋ, ಒಪ್ಪಿಕೊಂಡದ್ದಕ್ಕೋ, ಗೊತ್ತಾಗಲಿಲ್ಲ. ಒಂದೇ ತಾಟಿನ ಆಚೆ ಈಚೆ ಕೂತು ಉಣ್ಣುತ್ತಿದ್ದೆವು, ಉಪ್ಪು ಬೇಕಾದರೂ ವೈನಿಯ ಮೂಲಕ ಕೇಳುತ್ತಿದ್ದ. ನಾಲ್ಕು ಮಗ್ಗಗಳ ಸಪ್ಪಳದ ನಡುವೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತ ನನಗೆ ಮಾಡಲು ಇದ್ದದ್ದು ಕೇಳಿಸಿಕೊಳ್ಳುವುದು ಒಂದೇ. ಕೇಳಿಸಿಕೊಳ್ಳುತ್ತ ಕೂತಾಗ ವೈನಿಯ ಮಾತು ನೆನಪಾಯಿತು. ಕಮತಗಿಯ ಓಣಿಯೂ ನೆನಪಾಯಿತು. ಕೈಗಡಿಯಾರ ಹಿಡಿದು ಮಗ್ಗದ ಬಡಿತ ಎಣಿಸಿದೆ. ರವಿವಾರ ಒಂದು ಲೆಕ್ಕ, ಸೋಮವಾರ ಬೆಳಿಗ್ಗೆ ಒಂದು ಲೆಕ್ಕ. ಫೀಡರ್ ಬೀಳುವ ಮುಂಚಿನ ನಿಮಿಷದ ಲೆಕ್ಕ ಇನ್ನೂ ಕಡಿಮೆ. ನಾಲ್ಕು ದಿನ ಬರೆದಿಟ್ಟು ವೈನಿಗೆ ತೋರಿಸಿದೆ.

"ಇಷ್ಟಕ್ಕ ಬಂದಾಗ ನೀವಾಗೇ ಮಗ್ಗ ನಿಂದ್ರಿಸ್ರಿ ವೈನಿ. ಲಾಳಿ ದಂಡಿಗೆ ಬಂದಾಗ ನಿಂದ್ರಿಸಿದ್ರ ಗೆರಿ ಬೀಳೂದಿಲ್ಲ."

ವೈನಿ ಗಡಿಯಾರದ ಕಡೆ ನೋಡಿ ನಕ್ಕಳು. "ಅದಕ್ಕ ಎಣಿಸೂದ್ಯಾಕ ಬೇಕ್ರಿ. ಕೇಳಿದ್ರ ಗೊತ್ತಾಗತೈತಿ."

ಮಾರನೆಯ ಬೆಳಿಗ್ಗೆ ಎಂಟರ ಸುಮಾರಿಗೆ ಅವಳು ಇದ್ದಕ್ಕಿದ್ದಂತೆ ಎದ್ದು ಒಂದನೆಯ ಮಗ್ಗದ ಹಿಡಿಕೆ ಎಳೆದಳು. ಆಮೇಲೆ ಎರಡನೆಯದು, ಮೂರನೆಯದು. ಅಣ್ಣ ಹಿತ್ತಲಿನಿಂದ ಓಡಿ ಬಂದು, "ಕರೆಂಟ್ ಇದ್ದಾಗ ಯಾಕ ನಿಲ್ಲಸ್ದಿ?" ಎಂದು ಕೂಗಿದ. ಅವಳು ನಾಲ್ಕನೆಯದನ್ನೂ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ನಿಂತಳು. ಓಣಿಯ ಬೇರೆ ಮನೆಗಳ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ನಾನು ಕಂಡಿಕೆ ಕೈಯಲ್ಲಿ ಹಿಡಿದು ಕಾಯುತ್ತಿದ್ದೆ. ಒಂದು ನಿಮಿಷ ದಾಟಿತು. ಅಣ್ಣ ಮತ್ತೆ ಬಾಯಿ ತೆರೆದ.

ದೀಪ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೆ ನಿಂತವು. ಎದುರು ಮನೆಯವನು ಯಾರನ್ನೋ ಬೈಯತೊಡಗಿದ. ಬಹುಶಃ ನನ್ನನ್ನೇ.

ಅಣ್ಣ ಒಂದನೆಯ ಮಗ್ಗದ ಹತ್ತಿರ ಹೋಗಿ ಬಾಗಿದ. ಲಾಳಿ ದಂಡೆಗೆ ಬಂದು ನಿಂತಿತ್ತು. ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿದ. ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ ಹೋದ. ಹನ್ನೆರಡು ಕಿಲೋಮೀಟರ್ ಆಚೆ ಕಾಕಾ ಈಗ ಕಂಬಳಿಯಿಂದ ಎದ್ದು, ಕೆಂಪು ಫ್ಲ್ಯಾಗ್ ನೋಡಿ, ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಲಾಗ್ ಬುಕ್ಕಿನಲ್ಲಿ ಹೊತ್ತು ಬರೆಯುತ್ತಿರುತ್ತಾರೆ ಎಂದುಕೊಂಡೆ. ನನಗೆ ಅಳು ಬಂತು.

ಅಣ್ಣ ಸೀರೆಯ ಮೇಲಿನಿಂದ ಕೈ ತೆಗೆಯದೆ, ನನ್ನ ಕಡೆ ತಿರುಗದೆ ಕೇಳಿದ.

"ನಲವತ್ತೆಂಟೇನು?"

"ಹೂಂ ಅಣ್ಣ" ಎಂದೆ. "ನಲವತ್ತೆಂಟು."